ಸ್ಟೀಮ್ ಡೆಕ್: ಹೊಸತನ ಕಳೆದ ಮೇಲೆ ಉಳಿಯುವ ಲೆಕ್ಕಾಚಾರ

ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ಕಂಪ್ಯೂಟರ್ ಆಟಗಳನ್ನು ಕೈಯಲ್ಲಿ ಹಿಡಿದು ಆಡಲು ವಾಲ್ವ್ ಕಂಪನಿ ತಯಾರಿಸಿದ ಯಂತ್ರ ಸ್ಟೀಮ್ ಡೆಕ್. ಅದು ಗ್ರಾಹಕರ ಕೈ ಸೇರಲು ಆರಂಭಿಸಿದ್ದು 2022ರ ಫೆಬ್ರವರಿ ಕೊನೆಯಲ್ಲಿ. ಎಲ್‌ಸಿಡಿ ಪರದೆಯ ಆ ಮೊದಲ ಮಾದರಿಯನ್ನು ನಾನು ಕೆಲವು ವರ್ಷಗಳಿಂದ ಹೆಚ್ಚೂಕಡಿಮೆ ದಿನವೂ ಬಳಸುತ್ತ ಬಂದಿದ್ದೇನೆ. ಯಂತ್ರ ಕೈಗೆ ಬಂದ ವಾರದಲ್ಲೇ ಬರೆಯುವ ವಿಮರ್ಶೆಗಳು ಸಾಮಾನ್ಯವಾಗಿ ಪ್ರೊಸೆಸರಿನ ಶಕ್ತಿ, ಫ್ರೇಮುಗಳ (ಸೆಕೆಂಡಿಗೆ ಮೂಡುವ ಚಿತ್ರಗಳ) ಎಣಿಕೆ, ಇತರ ಯಂತ್ರಗಳೊಡನೆ ಹೋಲಿಕೆ ಇವಿಷ್ಟರಲ್ಲೇ ಮುಗಿದುಬಿಡುತ್ತವೆ. ಬಹುಕಾಲ ಬಳಸಿದವನಿಗೆ ಆ ಅಂಕಿಗಳ ಮೇಲಿನ ಆಸಕ್ತಿ ಕುಗ್ಗುತ್ತದೆ. ಈ ಯಂತ್ರದ ನಿಜವಾದ ಬೆಲೆ ಇರುವುದು ಅದರ ಮೇಲಂಚಿನಲ್ಲಿರುವ ಪುಟ್ಟ ಪವರ್ ಬಟನ್‌ನಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಬಟನ್ನನ್ನು ಒಮ್ಮೆ ಒತ್ತಿದರೆ ನಡೆಯುತ್ತಿರುವ ಆಟ ಇದ್ದ ಸ್ಥಿತಿಯಲ್ಲೇ ನಿಂತು ಪರದೆ ಆರುತ್ತದೆ, ಮತ್ತೊಮ್ಮೆ ಒತ್ತಿದರೆ ಕೆಲವೇ ಕ್ಷಣಗಳಲ್ಲಿ ಅದೇ ಜಾಗದಿಂದ ಮುಂದುವರಿಯುತ್ತದೆ. ಒಳಗೆ ನಡೆಯುವುದು ಸರಳವಾದ ಕೆಲಸ: ರ‍್ಯಾಮ್‌ಗೆ ಮಾತ್ರ ಸ್ವಲ್ಪ ವಿದ್ಯುತ್ ಕೊಡುತ್ತ ಉಳಿದ ಭಾಗಗಳನ್ನೆಲ್ಲ ಮಲಗಿಸುವುದು. ಆದರೆ ಕೆಲಸ ಮತ್ತು ಸಂಸಾರದ ನಡುವೆ ಹದಿನೈದು ನಿಮಿಷದ ಬಿಡುವು ಸಿಕ್ಕರೆ ಹೆಚ್ಚು ಎನ್ನುವವರಿಗೆ ಇದರಿಂದ ಆಗುವ ಅನುಕೂಲ ಅಷ್ಟಿಷ್ಟಲ್ಲ. ಎಲ್ಡನ್ ರಿಂಗ್‌ನಂತಹ ಆಟವನ್ನೇ ತೆಗೆದುಕೊಳ್ಳಿ. ಅದರಲ್ಲಿ ಆಟವನ್ನು ತಡೆಹಿಡಿಯುವ ಸಾಮಾನ್ಯ ಪಾಸ್ ಬಟನ್ ಇಲ್ಲ. ಮೆನು ತೆರೆದಿಟ್ಟರೂ ಶತ್ರುಗಳು ಸುಮ್ಮನಿರುವುದಿಲ್ಲ. ಡೆಕ್‌ನಲ್ಲಿ ಯಾರಾದರೂ ಕರೆದರೆ ಪವರ್ ಬಟನ್ ಒತ್ತಿ ಎದ್ದು ಹೋಗಬಹುದು, ಎತ್ತಿದ ಕತ್ತಿ ಎತ್ತಿದಂತೆಯೇ ಇರುತ್ತದೆ. ಇದಕ್ಕೆ ಆಟದ ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಆಯ್ಕೆ ಮಾಡಿಕೊಂಡಿರಬೇಕು. ಆನ್‌ಲೈನ್‌ನಲ್ಲಿದ್ದರೆ ಯಂತ್ರ ಎದ್ದಾಗ ಸರ್ವರ್ ಸಂಪರ್ಕ ಕಡಿದಿರುತ್ತದೆ, ಆಟ ಮುಖ್ಯ ಮೆನುವಿಗೆ ಹಿಂದಿರುಗುತ್ತದೆ. ಇನ್ನೊಂದು ಮಾತು: ಮಲಗಿರುವಾಗಲೂ ಬ್ಯಾಟರಿ ನಿಧಾನವಾಗಿ ಕರಗುವುದರಿಂದ, ಹಲವು ದಿನ ಮುಟ್ಟುವುದಿಲ್ಲವೆಂದಾದರೆ ಆಟವನ್ನು ಸೇವ್ ಮಾಡಿ ಪೂರ್ತಿ ಆಫ್ ಮಾಡುವುದು ಒಳ್ಳೆಯದು.

ಪರದೆ ಏಳು ಇಂಚಿನದು, ರೆಸಲ್ಯೂಶನ್ 1280×800. ಇಷ್ಟು ಕಡಿಮೆಯೇ ಎಂದು ಮೂಗು ಮುರಿಯುವವರು ಈಗಲೂ ಇದ್ದಾರೆ. ಲೆಕ್ಕ ಹಾಕಿ ನೋಡಿದರೆ ಈ ಪರದೆಯಲ್ಲಿರುವ ಪಿಕ್ಸೆಲ್‌ಗಳು ಸುಮಾರು 10 ಲಕ್ಷ, 1920×1080 ಪರದೆಯಲ್ಲಿರುವವು ಸುಮಾರು 21 ಲಕ್ಷ. ಗರಿಷ್ಠ 15 ವ್ಯಾಟ್‌ನಲ್ಲಿ ಕೆಲಸ ಮಾಡುವ ಎಎಂಡಿ ಚಿಪ್ಪಿಗೆ ಅರ್ಧದಷ್ಟು ಹೊರೆ ಇಳಿಸಿಕೊಟ್ಟಿದ್ದರಿಂದಲೇ ದೊಡ್ಡ ಆಟಗಳು ಇದರಲ್ಲಿ ಓಡುತ್ತಿವೆ. ತೊಂದರೆ ಇರುವುದು ಅಕ್ಷರಗಳಲ್ಲಿ. ದೊಡ್ಡ ಮಾನಿಟರಿಗಾಗಿ ರೂಪಿಸಿದ ಆಟಗಳ ವಿವರಣೆಗಳು, ಅದರಲ್ಲೂ ಸ್ಟ್ರಾಟಜಿ ಆಟಗಳ ಪಟ್ಟಿಗಳು, ಕಣ್ಣು ಕಿರಿದು ಮಾಡಿ ಓದುವಷ್ಟು ಸಣ್ಣದಾಗುತ್ತವೆ. ಸ್ಟೀಮ್ ಬಟನ್ ಹಿಡಿದು ಎಡ ಮೇಲಂಚಿನ ಎಲ್1 ಬಟನ್ ಒತ್ತಿದರೆ ಭೂತಗನ್ನಡಿಯಂತೆ ಪರದೆಯ ಒಂದು ಭಾಗ ಹಿಗ್ಗುತ್ತದೆ, ಆದರೆ ಪ್ರತಿ ವಾಕ್ಯಕ್ಕೂ ಹಾಗೆ ಮಾಡುತ್ತ ಕೂರಲಾಗುವುದಿಲ್ಲ.

ಕ್ವಿಕ್ ಆಕ್ಸೆಸ್ ಮೆನುವಿನಲ್ಲಿ ಒಂದು ಸೆಟ್ಟಿಂಗ್ ಇದೆ, ಅದರ ಬಗ್ಗೆ ತುಸು ಹೆಚ್ಚೇ ಬರೆಯಬೇಕೆನಿಸುತ್ತದೆ. ಭಾರವಾದ ಆಟಗಳನ್ನು ಸೆಕೆಂಡಿಗೆ 60 ಫ್ರೇಮ್‌ಗಳಲ್ಲಿ ಓಡಿಸಲು ಈ ಯಂತ್ರಕ್ಕೆ ಆಗುವುದಿಲ್ಲ, 30ಕ್ಕೆ ಇಳಿಸಿದರೆ ಚಲನೆ ತೊದಲಿದಂತೆ ಕಾಣುತ್ತದೆ. ಎಲ್‌ಸಿಡಿ ಮಾದರಿಯಲ್ಲಿ ಪರದೆಯ ರಿಫ್ರೆಶ್ ದರವನ್ನು, ಅಂದರೆ ಅದು ಸೆಕೆಂಡಿಗೆ ಎಷ್ಟು ಬಾರಿ ಚಿತ್ರ ಬದಲಿಸುತ್ತದೆ ಎಂಬುದನ್ನು, 40 ಹರ್ಟ್ಸ್‌ವರೆಗೂ ಇಳಿಸಬಹುದಾದ್ದರಿಂದ ಆಟವನ್ನೂ 40 ಫ್ರೇಮ್‌ಗಳಿಗೆ ಕಟ್ಟಿಹಾಕಬಹುದು. ಸಂಖ್ಯೆಯಲ್ಲಿ ನೋಡಿದರೆ 40 ಎನ್ನುವುದು 60ಕ್ಕಿಂತ 30ಕ್ಕೇ ಹತ್ತಿರ. ಆದರೆ ಕಣ್ಣಿಗೆ ಗೊತ್ತಾಗುವುದು ಒಂದು ಫ್ರೇಮ್‌ಗೂ ಮುಂದಿನದಕ್ಕೂ ನಡುವಿನ ಅವಧಿ. ಅದು 30ರಲ್ಲಿ 33.3 ಮಿಲಿಸೆಕೆಂಡು, 60ರಲ್ಲಿ 16.7, 40ರಲ್ಲಿ ಸರಿಯಾಗಿ ನಡುಮಧ್ಯದ 25. ಹೀಗಾಗಿ ಹತ್ತೇ ಫ್ರೇಮುಗಳ ಹೆಚ್ಚಳದಿಂದ ಅರ್ಧ ದಾರಿ ಕ್ರಮಿಸಿದಂತಾಗುತ್ತದೆ, ಬ್ಯಾಟರಿಯೂ ಉಳಿಯುತ್ತದೆ. ನಾನು ದೊಡ್ಡ ಆಟಗಳನ್ನೆಲ್ಲ ಹೀಗೆಯೇ ಆಡುತ್ತೇನೆ. ಗ್ರಾಫಿಕ್ಸ್‌ನ ಆಯ್ಕೆಗಳನ್ನು ಒಂದೊಂದಾಗಿ ತಿದ್ದುತ್ತ ಸಂಜೆ ಕಳೆಯುವುದಕ್ಕಿಂತ ಈ ಒಂದು ಸ್ಲೈಡರ್ ಎಳೆದು ಆಟ ಆರಂಭಿಸುವುದು ಮೇಲು.

ಬ್ಯಾಟರಿ 40 ವ್ಯಾಟ್-ಅವರ್ ಸಾಮರ್ಥ್ಯದ್ದು, ಕಂಪನಿ ಹೇಳುವ ಬಾಳಿಕೆ 2ರಿಂದ 8 ಗಂಟೆ. ಆ ವಿಸ್ತಾರ ನೋಡಿ ನಗು ಬರಬಹುದು, ಆದರೂ ಅದು ಸುಳ್ಳಲ್ಲ. ಸ್ಟಾರ್‌ಡ್ಯೂ ವ್ಯಾಲಿಯಂತಹ ಹಗುರ ಆಟ ಆಡುವಾಗ ಚಾರ್ಜರಿನ ನೆನಪೇ ಬರುವುದಿಲ್ಲ. ಸೈಬರ್‌ಪಂಕ್ 2077 ತೆರೆದರೆ ಎರಡು ಗಂಟೆಯೊಳಗೆ ಪ್ಲಗ್ ಹುಡುಕಬೇಕು. ಸದಾ ಚಾರ್ಜರಿಗೆ ಸಿಕ್ಕಿಸಿ ಆಡುವವರು ಸ್ಟೀಮ್ ಓಎಸ್ 3.7ರಿಂದ ದೊರೆತಿರುವ ಚಾರ್ಜ್ ಮಿತಿಯ ಸೌಲಭ್ಯದಲ್ಲಿ 80 ಶೇಕಡವನ್ನು ಆರಿಸಿಕೊಂಡರೆ ಬ್ಯಾಟರಿ ಬೇಗ ಸೊರಗುವುದಿಲ್ಲ.

ಇದು ವಿಂಡೋಸ್ ಯಂತ್ರವಲ್ಲ ಎಂಬುದನ್ನು ಕೊಳ್ಳುವ ಮುನ್ನವೇ ಅರಿತಿರಬೇಕು. ಒಳಗಿರುವುದು ಆರ್ಚ್ ಲಿನಕ್ಸ್ ಆಧಾರಿತ ಸ್ಟೀಮ್ ಓಎಸ್. ವಿಂಡೋಸ್‌ಗಾಗಿ ಬರೆದ ಆಟಗಳನ್ನು ಇದರಲ್ಲಿ ನಡೆಸುವುದು ವೈನ್ ತಂತ್ರಾಂಶದ ಮೇಲೆ ಕಟ್ಟಿದ, 2018ರಲ್ಲಿ ಬಿಡುಗಡೆಯಾದ ಪ್ರೋಟಾನ್ ಎಂಬ ತಂತ್ರಾಂಶ. ಒಬ್ಬರೇ ಆಡುವ ಆಟಗಳ ಮಟ್ಟಿಗೆ ಈ ಏರ್ಪಾಡು ಎಷ್ಟು ಸಲೀಸಾಗಿದೆಯೆಂದರೆ, ಅಲ್ಲಿ ಲಿನಕ್ಸ್ ಇದೆಯೆಂಬುದೇ ಮರೆತುಹೋಗುತ್ತದೆ. ಸ್ಪರ್ಧಾತ್ಮಕ ಆನ್‌ಲೈನ್ ಆಟಗಳ ಕಥೆ ಬೇರೆ. ಮೋಸ ತಡೆಯುವ ಆಂಟಿ-ಚೀಟ್ ತಂತ್ರಾಂಶಗಳಲ್ಲಿ ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಮುಂತಾದವು ಪ್ರೋಟಾನ್ ಜೊತೆ ಕೆಲಸ ಮಾಡಬಲ್ಲವಾದರೂ ಅದಕ್ಕೆ ಆಯಾ ಆಟದ ತಯಾರಕರು ಒಪ್ಪಿಗೆ ಕೊಡಬೇಕು, ಹಲವರು ಕೊಟ್ಟಿಲ್ಲ. ವ್ಯಾಲೊರಂಟ್, ಫೋರ್ಟ್‌ನೈಟ್ ಇದರಲ್ಲಿ ನೇರವಾಗಿ ನಡೆಯುವುದಿಲ್ಲ; ಮೊದಲು ನಡೆಯುತ್ತಿದ್ದ ಏಪೆಕ್ಸ್ ಲೆಜೆಂಡ್ಸ್ ಕೂಡ 2024ರ ಅಕ್ಟೋಬರ್‌ನಲ್ಲಿ ಲಿನಕ್ಸ್‌ಗೆ ಬಾಗಿಲು ಹಾಕಿತು. ಸ್ನೇಹಿತರ ಜೊತೆ ಇಂತಹ ಆಟಗಳನ್ನು ಆಡುವುದೇ ಮುಖ್ಯ ಎನ್ನುವವರಿಗೆ ಈ ಯಂತ್ರವನ್ನು ನಾನು ಶಿಫಾರಸು ಮಾಡಲಾರೆ. ಆಟ ಡೆಕ್‌ನಲ್ಲಿ ಚೆನ್ನಾಗಿ ನಡೆಯುತ್ತದೆಂದು ವಾಲ್ವ್ ಪರೀಕ್ಷಿಸಿ ಸ್ಟೀಮ್ ಅಂಗಡಿ ಪುಟದಲ್ಲಿ ಹಾಕುವ 'ವೆರಿಫೈಡ್' ಗುರುತು ಒಳ್ಳೆಯ ಸೂಚನೆಯೇ, ಆದರೆ ಅದೇ ಅಂತಿಮ ತೀರ್ಪಲ್ಲ. ಪ್ರೋಟಾನ್‌ಡಿಬಿ ತಾಣದಲ್ಲಿ ಬಳಕೆದಾರರು ದಾಖಲಿಸುವ ಅನುಭವಗಳನ್ನು ಓದಿದರೆ ಆಟದ ನಿಜ ಸ್ಥಿತಿ ಇನ್ನೂ ಸ್ಪಷ್ಟವಾಗುತ್ತದೆ.

ಹಿಡಿತದ ವಿಷಯಕ್ಕೆ ಬಂದರೆ, 669 ಗ್ರಾಂ ತೂಕ ಕೇಳಲು ಹೆಚ್ಚೆನಿಸಿದರೂ ಹಿಡಿಕೆಗಳ ಆಕಾರ ಚೆನ್ನಾಗಿರುವುದರಿಂದ ಕೂತು ಆಡುವಾಗ ಬಾಧಿಸುವುದಿಲ್ಲ. ಅಂಗಾತ ಮಲಗಿ ಆಡುವ ಚಪಲವಿದ್ದವರ ಮಣಿಕಟ್ಟು ಮಾತ್ರ ಬೇಗ ದೂರು ಹೇಳುತ್ತದೆ. ಎರಡೂ ಬದಿಯ ಟ್ರ್ಯಾಕ್‌ಪ್ಯಾಡ್‌ಗಳನ್ನು ಅಲಂಕಾರವೆಂದು ಕಡೆಗಣಿಸಬಾರದು. ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ಆಡುವ ಸಿವಿಲೈಸೇಶನ್ 6 ಮಾದರಿಯ ಆಟಗಳನ್ನು ಇದರಲ್ಲಿ ಸಲೀಸಾಗಿ ಆಡಲಾಗುವುದು ಅವುಗಳಿಂದಲೇ.

ದುರಸ್ತಿಯ ದೃಷ್ಟಿಯಿಂದ ಇದು ಇಂದಿನ ಯಂತ್ರಗಳ ನಡುವೆ ಅಪರೂಪದ್ದು. ಹಿಂಬದಿಯ ಮುಚ್ಚಳವನ್ನು ಎಂಟು ಸ್ಕ್ರೂಗಳು ಹಿಡಿದಿವೆ, ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್‌ಗಳನ್ನು ಬಿಡಿಯಾಗಿ ಬದಲಿಸಬಹುದು, ಬಿಡಿಭಾಗಗಳು ದುರಸ್ತಿ ಸಾಮಗ್ರಿ ಮಾರುವ ಐಫಿಕ್ಸಿಟ್ ಕಂಪನಿಯ ಮೂಲಕ ಅಧಿಕೃತವಾಗಿಯೇ ಮಾರಾಟಕ್ಕಿವೆ. ಆಟಗಳನ್ನು ಸಂಗ್ರಹಿಸುವ ಎಸ್‌ಎಸ್‌ಡಿಯನ್ನೂ ಬದಲಿಸಬಹುದು, ಆದರೆ 2230 (22×30 ಮಿ.ಮೀ.) ಅಳತೆಯ ಚಿಕ್ಕದೇ ಆಗಬೇಕು. ಮುಚ್ಚಳ ತೆಗೆಯುವ ಮೊದಲು ಮೈಕ್ರೊಎಸ್‌ಡಿ ಕಾರ್ಡನ್ನು ಹೊರತೆಗೆಯಲೇಬೇಕು, ಇಲ್ಲದಿದ್ದರೆ ಮುಚ್ಚಳ ಏಳುವಾಗ ಕಾರ್ಡು ಮುರಿದು ಎರಡು ತುಂಡಾಗುತ್ತದೆ. ದೊಡ್ಡ ಆಟಗಳನ್ನೂ ಕಾರ್ಡಿನಿಂದಲೇ ಆಡಬಹುದು, ಲೋಡ್ ಆಗಲು ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೇ.

ಈಗ ಹೊಸದಾಗಿ ಕೊಳ್ಳುವವರು 2023ರ ನವೆಂಬರ್‌ನಲ್ಲಿ ಬಂದ ಓಎಲ್‌ಇಡಿ ಮಾದರಿಯನ್ನೇ ನೋಡಬೇಕು: 7.4 ಇಂಚಿನ 90 ಹರ್ಟ್ಸ್ ಪರದೆ, 50 ವ್ಯಾಟ್-ಅವರ್ ಬ್ಯಾಟರಿ, ಸುಮಾರು 640 ಗ್ರಾಂ ತೂಕ. ಆಟಗಳ ವೇಗದಲ್ಲಿ ದೊಡ್ಡ ಅಂತರವಿಲ್ಲ, ಆದರೆ ಕಪ್ಪು ನಿಜಕ್ಕೂ ಕಪ್ಪಾಗಿ ಕಾಣುವ ಪರದೆಯನ್ನು ಒಮ್ಮೆ ನೋಡಿದವರಿಗೆ ಹಳೆಯದರ ಬಣ್ಣಗಳು ಪೇಲವವೆನಿಸುತ್ತವೆ. ಯಾರಾದರೂ ಬಳಸಿದ ಎಲ್‌ಸಿಡಿ ಮಾದರಿ ಕಡಿಮೆ ಬೆಲೆಗೆ ಸಿಗುವಂತಿದ್ದರೆ ಅದೂ ಒಳ್ಳೆಯ ಆಯ್ಕೆಯೇ. ಹಣ ಕೊಡುವ ಮುನ್ನ ಕಂಟ್ರೋಲರ್ ಪರೀಕ್ಷೆಯಲ್ಲಿ ಸ್ಟಿಕ್‌ಗಳನ್ನು ಬಿಟ್ಟಾಗ ಅವು ಮಧ್ಯಕ್ಕೆ ಬಂದು ನಿಲ್ಲುತ್ತವೆಯೇ ಎಂದು ನೋಡಿ, ಭಾರವಾದ ಆಟವೊಂದನ್ನು ಕಾಲು ಗಂಟೆ ಓಡಿಸಿ ಫ್ಯಾನ್ ಸದ್ದಿಗೆ ಕಿವಿಗೊಡಿ, ಮೆಮೊರಿ ಕಾರ್ಡಿನ ಸ್ಲಾಟ್ ಕೆಲಸ ಮಾಡುತ್ತಿದೆಯೇ ಎಂದು ನಿಮ್ಮದೇ ಕಾರ್ಡು ಹಾಕಿ ಪರೀಕ್ಷಿಸಿ.