ನಿರೂಪಕರ ದನಿ, ಜಾಲತಾಣದ ಮೀಮ್: 'ಅರೆಸ್ಟೆಡ್ ಡೆವಲಪ್‌ಮೆಂಟ್' ಸರಣಿಯ ವಿಮರ್ಶೆ

ಯಾರಾದರೂ ಒಂದು ಮಾತನ್ನು ಪೂರ್ಣ ಭರವಸೆಯಿಂದ ಹೇಳಿದರೆ ಅದರ ಮರುಸಾಲಿನಲ್ಲೇ 'ನಿರೂಪಕ: ಹಾಗಾಗಲಿಲ್ಲ' ಎಂದು ಸೇರಿಸುವ ರೂಢಿ ಇಂಗ್ಲಿಷ್ ಟ್ವೀಟ್‌ಗಳಲ್ಲಿ ಹಲವು ವರ್ಷಗಳಿಂದ ಇದೆ. ಕೆಲವರು 'ನಿರೂಪಕ' ಎಂಬುದರ ಬದಲು ರಾನ್ ಹೋವರ್ಡ್ ಎಂಬ ಹೆಸರನ್ನೇ ಹಾಕುತ್ತಾರೆ. ಆ ಹೆಸರು ಬಂದದ್ದು ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ 2003ರ ನವೆಂಬರ್‌ನಿಂದ 2006ರ ಫೆಬ್ರವರಿಯವರೆಗೆ ಪ್ರಸಾರವಾದ 'ಅರೆಸ್ಟೆಡ್ ಡೆವಲಪ್‌ಮೆಂಟ್' ಹಾಸ್ಯ ಸರಣಿಯಿಂದ; ಅದರ ನಿರೂಪಕರ ದನಿ ಹೋವರ್ಡ್ ಅವರದೇ. ಜಾಲತಾಣದಲ್ಲಿ ಹರಡಿದ ಈ ತಮಾಷೆಯ ಮಾದರಿಯನ್ನು, ಅಂದರೆ ಮೀಮನ್ನು ಮೊದಲು ಕಂಡು ಸರಣಿಯನ್ನು ಆಮೇಲೆ ನೋಡಿದ ನನಗೆ, ಮೂರು ಸೀಸನ್‌ಗಳ 53 ಕಂತುಗಳನ್ನು ಮುಗಿಸಿದಾಗ ಸ್ಪಷ್ಟವಾದದ್ದು ಇಷ್ಟು: ಜಾಲತಾಣ ಆ ದನಿಯಿಂದ ಎತ್ತಿಕೊಂಡಿರುವುದು ಅಲ್ಲಗಳೆಯುವ ಗುಣವನ್ನು ಮಾತ್ರ, ಅದರ ಅಕ್ಕರೆ ಸರಣಿಯಲ್ಲೇ ಉಳಿದಿದೆ.

ಮಿಚೆಲ್ ಹರ್ವಿಟ್ಜ್ ರೂಪಿಸಿದ ಇದು ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯ ಬ್ಲೂತ್ ಕುಟುಂಬದ ಕಥೆ. ಮನೆ ಕಟ್ಟಿ ಮಾರುವ ಕಂಪನಿಯ ಯಜಮಾನ ವಂಚನೆಯ ಆರೋಪದಲ್ಲಿ ಜೈಲು ಸೇರಿದ ಮೇಲೆ, ದುಡಿದು ಗೊತ್ತಿಲ್ಲದ ಮನೆಮಂದಿಯನ್ನು ಹಿಡಿದಿಡುವ ಹೊಣೆ ಮಗ ಮೈಕೆಲ್‌ನ ಮೇಲೆ ಬೀಳುತ್ತದೆ. ದೃಶ್ಯಗಳನ್ನು ಕ್ಯಾಮೆರಾ ಕೈಯಲ್ಲಿ ಹಿಡಿದು ಸಾಕ್ಷ್ಯಚಿತ್ರದಂತೆ ತೆಗೆದಿದ್ದಾರೆ. ಹಿನ್ನೆಲೆಯಲ್ಲಿ ನಗುವಿನ ಸದ್ದು ಸೇರಿಸಿಲ್ಲ. 'ಎ ಬ್ಯೂಟಿಫುಲ್ ಮೈಂಡ್' ಚಿತ್ರಕ್ಕೆ ಆಸ್ಕರ್ ಪಡೆದ ನಿರ್ದೇಶಕ ಹೋವರ್ಡ್ ಸರಣಿಯ ನಿರ್ಮಾಪಕರಲ್ಲೂ ಒಬ್ಬರು. ಅವರು ದನಿ ಏರಿಸುವುದಿಲ್ಲ, ಅಣಕಿಸುವುದಿಲ್ಲ. ಮನೆಯ ಹಳೆಯ ಲೆಕ್ಕವನ್ನೆಲ್ಲ ಬಲ್ಲ ಹಿರಿಯರೊಬ್ಬರು ತಪ್ಪಿದ ಅಂಕಿಯನ್ನು ತಿದ್ದುವಂತೆ, ಪಾತ್ರದ ಮಾತು ಮುಗಿಯುವವರೆಗೆ ಕಾದು, ನಡೆದದ್ದನ್ನು ಹೇಳಿ ಸುಮ್ಮನಾಗುತ್ತಾರೆ. ಕೆಲವೊಮ್ಮೆ ಈ ಕೆಲಸವನ್ನು ಸಂಕಲನವೇ ಮಾಡುತ್ತದೆ. ತಾಯಿ ಲುಸಿಲ್ ತನಗೆ ಎಲ್ಲ ಮಕ್ಕಳೂ ಒಂದೇ ಎನ್ನುತ್ತಾಳೆ. ಕೂಡಲೇ ಅದೇ ದಿನ ಮುಂಚೆ ನಡೆದ ದೃಶ್ಯವೊಂದು ತೆರೆದುಕೊಂಡು, ಹಿರಿಯ ಮಗ ಜೋಬ್‌ನನ್ನು ಕಂಡರೆ ತನಗೆ ಅಷ್ಟಕ್ಕಷ್ಟೇ ಎಂದು ಆಕೆಯೇ ಹೇಳುವುದು ಕೇಳಿಸುತ್ತದೆ.

ಈ ತಂತ್ರ ಪರದೆಯಿಂದ ಬರಹಕ್ಕೆ ಇಷ್ಟು ಸಲೀಸಾಗಿ ದಾಟಲು ಅದರ ಗಾತ್ರವೇ ಕಾರಣ. ಚಿತ್ರ ಬೇಡ, ಧ್ವನಿ ಬೇಡ. ಒಂದು ಭರವಸೆ, ಒಂದು ಸಾಲಿನ ಅಂತರ, ಒಂದು ನಿರಾಕರಣೆ ಸಾಕು, ಓದುವವರ ಕಿವಿಯೇ ಆ ದನಿಯನ್ನು ತುಂಬಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಈ ನಿರಾಕರಣೆಯ ಭಾರವನ್ನು 'ಡಿಡಂಟ್'ನಂಥ ಸಹಾಯಕ ಕ್ರಿಯಾಪದವೊಂದೇ ಹೊರುತ್ತದೆ. ಕನ್ನಡದಲ್ಲಾದರೋ ಆಡಿದ ಕ್ರಿಯಾಪದವನ್ನೇ ಮತ್ತೆ ಹೇಳಬೇಕು: 'ನಾಳೆ ಬರುತ್ತೇನೆ' ಎಂದವನಿಗೆ 'ಬರಲಿಲ್ಲ' ಎಂಬುದೇ ಉತ್ತರ. ಕೊಟ್ಟ ಮಾತೇ 'ಇಲ್ಲ'ವನ್ನು ಹೊತ್ತು ಹಿಂದಿರುಗುವುದರಿಂದ, ನಮ್ಮ ಒಂದೇ ಪದದ ರೂಪ ಮೂಲಕ್ಕಿಂತಲೂ ಬಿಗಿಯಾಗಿದೆ ಎಂದು ನಾನು ಭಾವಿಸುತ್ತೇನೆ. ಆದರೆ ಮೀಮ್‌ನಲ್ಲಿ ಸಿಕ್ಕಿಬೀಳುವವರು ಅಪರಿಚಿತರು. ಅವರ ಹಿಂದುಮುಂದು ನಮಗೆ ತಿಳಿದಿರುವುದಿಲ್ಲ. ಸರಣಿಯ ನಿರೂಪಕರು ಹಿಂದಿನ ಕಂತುಗಳನ್ನೆಲ್ಲ ನೆನಪಿಟ್ಟುಕೊಂಡಿರುವುದರಿಂದ, ಮೈಕೆಲ್‌ನ ಸುಳ್ಳನ್ನು ತಿದ್ದುವಾಗಲೂ ಆ ಮನುಷ್ಯನ ಒದ್ದಾಟ ನಮಗೆ ಕಾಣುತ್ತಿರುತ್ತದೆ.

ನೋಡುವವರಿಗೆ ಒಂದು ಸಲಹೆ: ಇಂಗ್ಲಿಷ್ ಕಿವಿಗೆ ಹತ್ತುವುದಾದರೆ ಸಬ್‌ಟೈಟಲ್ ತೆಗೆದುಬಿಡಿ. ದನಿ ಬರುವ ಮುನ್ನವೇ ಕಣ್ಣು ಓದಿಬಿಟ್ಟರೆ, ನಡುವಿನ ಅರೆಕ್ಷಣದ ಮೌನ ವ್ಯರ್ಥವಾಗುತ್ತದೆ. 2013ರಲ್ಲಿ ನೆಟ್‌ಫ್ಲಿಕ್ಸ್‌ಗಾಗಿ ಬಂದ ನಾಲ್ಕನೇ ಸೀಸನ್‌ನ 15 ಕಂತುಗಳನ್ನು 2018ರಲ್ಲಿ 22 ಕಂತುಗಳಾಗಿ ಮರುಸಂಕಲಿಸಿದ್ದಾರೆ. ಅಲ್ಲಿ ನಿರೂಪಕರು ತಿದ್ದುವುದಕ್ಕಿಂತ ವಿವರಿಸುವುದೇ ಹೆಚ್ಚಾಗಿ, ದನಿಯ ಮಿತವ್ಯಯ ಕೆಟ್ಟಿದೆ. ಮೊದಲ ಮೂರು ಸೀಸನ್‌ಗಳನ್ನು ಮಾತ್ರ ಕ್ರಮವಾಗಿ, ಒಂದು ಕಂತನ್ನೂ ಬಿಡದೆ ನೋಡಬೇಕೆಂದು ಒತ್ತಿ ಹೇಳುತ್ತೇನೆ. ಪ್ರತಿ ಕಂತಿನ ಕೊನೆಯಲ್ಲಿ ಬರುವ 'ಮುಂದಿನ ಕಂತಿನಲ್ಲಿ' ಭಾಗವನ್ನೂ ತಪ್ಪಿಸಬಾರದು. ಅಲ್ಲಿ ತೋರಿಸಿದ ಬಹುತೇಕ ದೃಶ್ಯಗಳು ಮುಂದಿನ ಕಂತಿನಲ್ಲಿ ಬರುವುದೇ ಇಲ್ಲ. ಎಲ್ಲರ ಮಾತನ್ನೂ ತಿದ್ದಿದ ನಿರೂಪಕರ ಆ ಒಂದು ಮಾತನ್ನು ತಿದ್ದಲು ಯಾರೂ ಇಲ್ಲ.