ಲೆಕ್ಕ ಸರಿಯಿದ್ದರೂ ಸರ್ಕಿಟ್ ಬಿಸಿಯಾಗುತ್ತಿದ್ದರೆ: ನಕಲಿ ಐಸಿಗಳ ಬಗ್ಗೆ ಒಂದು ಎಚ್ಚರಿಕೆ

ಹವ್ಯಾಸಕ್ಕಾಗಿ ಎಲೆಕ್ಟ್ರಾನಿಕ್ ಸರ್ಕಿಟ್‌ಗಳನ್ನು ತಾವೇ ವಿನ್ಯಾಸ ಮಾಡಿ ಕಟ್ಟುವವರಿಗೆ ನನಗಾದ ತೊಂದರೆ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಆನ್‌ಲೈನ್ ಮಾರುಕಟ್ಟೆಯಲ್ಲಿ ಅಂಗಡಿ ತೆರೆದಿದ್ದ ಒಬ್ಬ ಮಾರಾಟಗಾರರಿಂದ ನಾನು ಕೊಂಡ, ವೋಲ್ಟೇಜನ್ನು ಇಳಿಸಿ ಸ್ಥಿರವಾಗಿಡುವ ಎಲ್‌ಎಂ2596 ರೆಗ್ಯುಲೇಟರ್ ಐಸಿಗಳು (ಚಿಪ್‌ಗಳು) ನಕಲಿಯಾಗಿದ್ದವು. ಅವು ಕೆಲಸವನ್ನೇ ಮಾಡದಿದ್ದರೆ ಅಂದೇ ತೆಗೆದುಹಾಕಿ ಬೇರೆಯದನ್ನು ತರಿಸಬಹುದಿತ್ತು. ಆದರೆ ಅವು ಕೆಲಸ ಮಾಡುತ್ತಿದ್ದವು; ಮೀಟರ್ ಹಿಡಿದರೆ ಸರಿಯಾಗಿ 5 ವೋಲ್ಟ್ ತೋರಿಸುತ್ತಿತ್ತು. ಆದ್ದರಿಂದ ಅನುಮಾನವೆಲ್ಲ ಐಸಿಯನ್ನು ಬಿಟ್ಟು ವಿನ್ಯಾಸದ ಮೇಲೆ ಹೋಯಿತು, ಮತ್ತು ತಪ್ಪೇ ಇಲ್ಲದ ವಿನ್ಯಾಸವನ್ನು ತಿದ್ದುವುದರಲ್ಲಿ ಬಹಳ ಕಾಲ ವ್ಯರ್ಥವಾಯಿತು.

ನಾನು ಕಟ್ಟುತ್ತಿದ್ದದ್ದು 24 ವೋಲ್ಟ್ ಇನ್‌ಪುಟ್‌ನಿಂದ 5 ವೋಲ್ಟ್ ಮಾಡಿ 2 ಆಂಪಿಯರ್ ಲೋಡ್‌ಗೆ ಕೊಡುವ ಸಾಧಾರಣ ಬಕ್ ಕನ್ವರ್ಟರ್. ಎಲ್‌ಎಂ2596 ತನ್ನ ಒಳಗಿನ ಸ್ವಿಚ್ಚನ್ನು ಸೆಕೆಂಡಿಗೆ ಸುಮಾರು ಒಂದೂವರೆ ಲಕ್ಷ ಬಾರಿ, ಅಂದರೆ 150 ಕಿಲೋಹರ್ಟ್ಸ್‌ನಲ್ಲಿ, ತೆರೆದು ಮುಚ್ಚುತ್ತದೆ. ಇಂಡಕ್ಟರ್ (ಪ್ರವಾಹದ ಏರಿಳಿತವನ್ನು ತಡೆಯುವ ತಂತಿಯ ಸುರುಳಿ) ಎಷ್ಟಿರಬೇಕು, ಕೆಪಾಸಿಟರ್ ಎಂಥದಿರಬೇಕು ಎಂಬ ಲೆಕ್ಕವೆಲ್ಲ ಈ ಒಂದು ಸಂಖ್ಯೆಯ ಮೇಲೆ ನಿಂತಿದೆ. ಅದರಂತೆ 47 ಮೈಕ್ರೋಹೆನ್ರಿಯ, 2.6 ಆಂಪಿಯರ್‌ವರೆಗೆ ಸ್ಯಾಚುರೇಟ್ ಆಗದ, ಅಂದರೆ ಕೋರ್‌ನ ಕಾಂತೀಯ ಮಿತಿಯನ್ನು ಮುಟ್ಟದ, ಇಂಡಕ್ಟರನ್ನು ಆರಿಸಿದ್ದೆ. ಇಂಡಕ್ಟರ್‌ನಲ್ಲಿ ಪ್ರವಾಹದ ಏರಿಳಿತ 0.56 ಆಂಪಿಯರ್‌ನಷ್ಟು ಬರುತ್ತದೆ. ಅದರ ಅರ್ಧವನ್ನು 2 ಆಂಪಿಯರ್‌ಗೆ ಕೂಡಿಸಿದರೆ ಗರಿಷ್ಠ ಪ್ರವಾಹ 2.28 ಆಂಪಿಯರ್. ಇಂಡಕ್ಟರ್‌ನ ಮಿತಿಯೊಳಗೆ ಸಾಕಷ್ಟು ಅಂತರವಿತ್ತು.

ಲೋಡ್ ಕಡಿಮೆ ಇದ್ದಾಗ ಎಲ್ಲವೂ ಸರಿಯಿತ್ತು. 2 ಆಂಪಿಯರ್‌ಗೆ ಏರಿಸಿದ ಕೂಡಲೇ ಇಂಡಕ್ಟರ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿತ್ತು, ಔಟ್‌ಪುಟ್‌ನಲ್ಲಿ ರಿಪಲ್ (ವೋಲ್ಟೇಜಿನ ಏರಿಳಿತ) ಹೆಚ್ಚುತ್ತಿತ್ತು, ಆ 5 ವೋಲ್ಟ್‌ನಿಂದ ನಡೆಯುತ್ತಿದ್ದ ಮೈಕ್ರೋಕಂಟ್ರೋಲರ್ ಆಗಾಗ ರೀಸೆಟ್ ಆಗುತ್ತಿತ್ತು. ಅನುಭವಿಗಳನ್ನು ಕೇಳಿದಾಗ ಅವರು ಕೊಟ್ಟ ಸಲಹೆಗಳೆಲ್ಲ ಶಾಸ್ತ್ರಸಮ್ಮತವೇ ಆಗಿದ್ದವು: ಗ್ರೌಂಡ್ ಟ್ರೇಸ್ ಅಗಲ ಮಾಡಿ, ಡಯೋಡನ್ನು ಐಸಿಯ ಹತ್ತಿರಕ್ಕೆ ತನ್ನಿ, ಫೀಡ್‌ಬ್ಯಾಕ್ ಗೆರೆಯನ್ನು ಇಂಡಕ್ಟರ್‌ನಿಂದ ದೂರ ಒಯ್ಯಿರಿ, ಕಡಿಮೆ ಇಎಸ್‌ಆರ್ (ಒಳರೋಧ) ಇರುವ ಕೆಪಾಸಿಟರ್ ಹಾಕಿ. ಒಂದೊಂದನ್ನೂ ಮಾಡಿದೆ, ಬೋರ್ಡನ್ನೇ ಹೊಸದಾಗಿ ಬಿಡಿಸಿದೆ. ರಿಪಲ್ ಅಲ್ಪಸ್ವಲ್ಪ ಇಳಿಯಿತೇ ಹೊರತು ಬಿಸಿ ಇಳಿಯಲಿಲ್ಲ. ಸಲಹೆ ಕೊಟ್ಟವರನ್ನು ದೂರುವಂತಿಲ್ಲ. ಐಸಿಯ ಮೇಲೆ ಏನು ಬರೆದಿದೆಯೋ ಒಳಗೆ ಅದೇ ಇದೆ ಎಂದು ನಂಬಿಯೇ ಯಾರಾದರೂ ಉತ್ತರ ಕೊಡಬೇಕಾಗುತ್ತದೆ.

ಕೊನೆಗೆ ಐಸಿಯ ಔಟ್‌ಪುಟ್ ಕಾಲಿಗೆ ಆಸಿಲೋಸ್ಕೋಪ್ ಹಿಡಿದು, ಅಲೆಯ ಆಕಾರವನ್ನು ಬಿಟ್ಟು ಅದರ ಅವಧಿಯನ್ನು ಅಳೆದಾಗ ಉತ್ತರ ಸಿಕ್ಕಿತು. 150 ಕಿಲೋಹರ್ಟ್ಸ್‌ಗೆ ಒಂದು ಆವರ್ತ ಸುಮಾರು 6.7 ಮೈಕ್ರೋಸೆಕೆಂಡ್ ಇರಬೇಕು. ಪರದೆಯ ಮೇಲೆ ಇದ್ದದ್ದು 19 ಮೈಕ್ರೋಸೆಕೆಂಡ್‌ಗಿಂತ ಸ್ವಲ್ಪ ಹೆಚ್ಚು, ಅಂದರೆ 52 ಕಿಲೋಹರ್ಟ್ಸ್‌ನ ಆಸುಪಾಸು. ಡೇಟಾಶೀಟ್ (ತಯಾರಕರು ಐಸಿಯ ಗುಣಗಳನ್ನು ಬರೆದುಕೊಡುವ ಪತ್ರ) ಕೊಡುವ ಹೆಚ್ಚುಕಡಿಮೆಯನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ನಿಜವಾದ ಎಲ್‌ಎಂ2596 ಅಷ್ಟು ಕೆಳಗೆ ಬರುವುದಿಲ್ಲ. ಆದರೆ ಅದೇ ಕುಟುಂಬದ ಹಳೆಯ ಎಲ್‌ಎಂ2576 ಓಡುವುದು ಸರಿಯಾಗಿ 52 ಕಿಲೋಹರ್ಟ್ಸ್‌ನಲ್ಲಿ. ಎರಡಕ್ಕೂ ಐದೇ ಕಾಲುಗಳು, ಕಾಲುಗಳ ಕ್ರಮವೂ ಒಂದೇ, ಎರಡೂ 3 ಆಂಪಿಯರ್‌ನವು. ಹಳೆಯದರ ಅಥವಾ ಅದರ ಅಗ್ಗದ ಪ್ರತಿರೂಪದ ಮೇಲೆ ಹೊಸದರ ಹೆಸರು ಕೆತ್ತಿ ಮಾರಿದರೆ ಮೀಟರ್ ಮಾತ್ರ ಇಟ್ಟುಕೊಂಡವರಿಗೆ ಅದು ಗೊತ್ತಾಗುವ ಸಾಧ್ಯತೆಯೇ ಇಲ್ಲ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿದರೆ ಎಲ್ಲ ಲಕ್ಷಣಗಳೂ ಒಂದೇ ಕಡೆ ಬಂದು ಸೇರುತ್ತವೆ. ಆವರ್ತನ ಮೂರನೆಯ ಒಂದು ಭಾಗದ ಆಸುಪಾಸಿಗೆ ಇಳಿದರೆ ಅದೇ ಇಂಡಕ್ಟರ್‌ನಲ್ಲಿ ಪ್ರವಾಹದ ಏರಿಳಿತ ಹೆಚ್ಚೂಕಡಿಮೆ ಮೂರು ಪಟ್ಟಾಗುತ್ತದೆ. ನನ್ನ ಬೋರ್ಡಿನಲ್ಲಿ 0.56 ಇದ್ದದ್ದು 1.62 ಆಂಪಿಯರ್ ಆಗುತ್ತದೆ. ಗರಿಷ್ಠ ಪ್ರವಾಹ 2.81ಕ್ಕೆ ಏರಿ 2.6ರ ಮಿತಿಯನ್ನು ದಾಟುತ್ತದೆ. ಸ್ಯಾಚುರೇಟ್ ಆದ ಇಂಡಕ್ಟರ್‌ಗೆ ಪ್ರವಾಹವನ್ನು ತಡೆಯುವ ಶಕ್ತಿ ಕುಗ್ಗುವುದರಿಂದ ನಿಜವಾದ ಗರಿಷ್ಠ ಇದಕ್ಕಿಂತಲೂ ಮೇಲೆ ಹೋಗುತ್ತದೆ, ತಾಮ್ರವೂ ಕೋರ್ ಕೂಡ ಕಾಯುತ್ತವೆ. ಔಟ್‌ಪುಟ್ ಕೆಪಾಸಿಟರ್‌ನ ಇಎಸ್‌ಆರ್ 0.1 ಓಮ್ ಎಂದು ಹಿಡಿದರೂ 56 ಮಿಲಿವೋಲ್ಟ್ ಇರಬೇಕಾದ ರಿಪಲ್ 160 ಮಿಲಿವೋಲ್ಟ್ ಮೀರುತ್ತದೆ, ಮತ್ತು ಆ ಏರಿಳಿತವನ್ನೆಲ್ಲ ಹೊತ್ತ ಕೆಪಾಸಿಟರ್ ಬಿಸಿಯಾಗಿ ಅದರ ಆಯುಷ್ಯವೂ ಕಡಿಮೆಯಾಗುತ್ತದೆ. ತಯಾರಕರ ಅಧಿಕೃತ ವಿತರಕರಿಂದ ಅದೇ ಐಸಿಯನ್ನು ತರಿಸಿ ಮೊದಲ ಬೋರ್ಡಿನಲ್ಲೇ ಬೆಸುಗೆ ಹಾಕಿದಾಗ, ಬೇರೆ ಯಾವ ಬದಲಾವಣೆಯೂ ಇಲ್ಲದೆ, ಆವರ್ತನ 150ರ ಹತ್ತಿರಕ್ಕೆ ಬಂತು, ಇಂಡಕ್ಟರ್ ತಣ್ಣಗಾಯಿತು, ರೀಸೆಟ್ ನಿಂತಿತು.

ಮಾರಾಟಗಾರರಿಗೆ ಅಲೆಯ ಚಿತ್ರಗಳ ಸಹಿತ ಬರೆದೆ. 5 ವೋಲ್ಟ್ ಬರುತ್ತಿರುವಾಗ ಐಸಿ ಕೆಟ್ಟಿದೆ ಎಂದು ಒಪ್ಪಲಾಗದು ಎಂಬುದು ಅವರ ಉತ್ತರವಾಗಿತ್ತು. ಜೊತೆಗೆ, ಹಿಂದಿರುಗಿಸುವ ಅವಧಿಯೂ ಮುಗಿದಿತ್ತು. ಬಿಡಿಭಾಗಗಳನ್ನು ತರಿಸಿ ಡಬ್ಬಿಯಲ್ಲಿಟ್ಟು ಬೇಕಾದಾಗ ತೆಗೆಯುವುದು ನಮ್ಮೆಲ್ಲರ ರೂಢಿ. ನಕಲಿ ಮಾಲಿನ ವ್ಯಾಪಾರಕ್ಕೆ ಆ ರೂಢಿಯೇ ದೊಡ್ಡ ಅನುಕೂಲ. ಬಂದ ವಾರದಲ್ಲೇ ಒಂದನ್ನಾದರೂ ನಿಜವಾದ ಲೋಡ್‌ನಲ್ಲಿ ಓಡಿಸಿ ಅಳೆಯುವುದು ಅಗತ್ಯ ಎನ್ನುವುದು ಇದಕ್ಕಾಗಿಯೇ.

ಇಂಥ ಮಾಲು ಎಲ್ಲಿಂದ ಬರುತ್ತದೆ ಎಂಬುದು ಗುಟ್ಟೇನಲ್ಲ. ಇ-ತ್ಯಾಜ್ಯದ ಬೋರ್ಡ್‌ಗಳಿಂದ ಕಿತ್ತ ಐಸಿಗಳನ್ನು ತೊಳೆದು, ಮೇಲಿನ ಬರಹವನ್ನು ಉಜ್ಜಿ ಅಳಿಸಿ, ಕಪ್ಪು ಲೇಪ ಬಳಿದು, ಹೊಸ ಹೆಸರನ್ನೂ ತಯಾರಿಕೆಯ ಸಂಕೇತವನ್ನೂ ಮುದ್ರಿಸಲಾಗುತ್ತದೆ. ಪರೀಕ್ಷೆಯಲ್ಲಿ ಅನುತ್ತೀರ್ಣವಾದವು, ಕಡಿಮೆ ದರ್ಜೆಯವು ಮೇಲ್ದರ್ಜೆಯ ಹೆಸರು ಹೊತ್ತು ಬರುವುದೂ ಉಂಟು. ಅಮೆರಿಕದ ಸೆನೆಟ್‌ನ ಸಶಸ್ತ್ರ ಪಡೆಗಳ ಸಮಿತಿ 2012ರಲ್ಲಿ ಪ್ರಕಟಿಸಿದ ವರದಿಯು ರಕ್ಷಣಾ ಸಾಮಗ್ರಿಗಳ ಪೂರೈಕೆಯಲ್ಲೇ ಶಂಕಿತ ನಕಲಿಯ ಸುಮಾರು 1,800 ಪ್ರಕರಣಗಳನ್ನು, ಒಟ್ಟು ಹತ್ತು ಲಕ್ಷಕ್ಕೂ ಮೀರಿದ ಬಿಡಿಭಾಗಗಳನ್ನು ಗುರುತಿಸಿತ್ತು. ತಪಾಸಣೆಗೆ ಪ್ರಯೋಗಾಲಯಗಳನ್ನೇ ಇಟ್ಟುಕೊಂಡ ಸಂಸ್ಥೆಗಳ ಗತಿ ಇದಾದರೆ, ಮನೆಯ ಮೇಜಿನ ಮೇಲೆ ಕೆಲಸ ಮಾಡುವವರು ಎಷ್ಟು ಎಚ್ಚರದಿಂದಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹವ್ಯಾಸಿಗಳನ್ನು ಅತಿ ಹೆಚ್ಚು ಕಾಡುವುದು, ನನ್ನ ತಿಳಿವಳಿಕೆಯಂತೆ, ಪವರ್ ಮಾಸ್‌ಫೆಟ್‌ಗಳು, ಅಂದರೆ ಗೇಟ್ ಎಂಬ ಕಾಲಿನ ವೋಲ್ಟೇಜ್‌ನಿಂದ ಹೆಚ್ಚಿನ ಪ್ರವಾಹವನ್ನು ತೆರೆದು ಮುಚ್ಚುವ ಟ್ರಾನ್ಸಿಸ್ಟರ್‌ಗಳು. ಐಆರ್‌ಎಫ್‌ಝಡ್44ಎನ್ ಎಂಬುದನ್ನು ತೆಗೆದುಕೊಳ್ಳಿ. ಗೇಟ್‌ಗೆ 10 ವೋಲ್ಟ್ ಕೊಟ್ಟಾಗ ಅದರ ಆನ್ ರೋಧ ಹೆಚ್ಚೆಂದರೆ 17.5 ಮಿಲಿಓಮ್ ಇರಬೇಕು. ನಕಲಿಯಲ್ಲಿ ಅದೇ ಟಿಓ-220 ಕವಚದೊಳಗೆ ಬಹಳ ಚಿಕ್ಕ ಸಿಲಿಕಾನ್ ತುಣುಕು ಇರುತ್ತದೆ. ಚಿಕ್ಕ ತುಣುಕೆಂದರೆ ಹೆಚ್ಚಿನ ರೋಧ, ಹೆಚ್ಚಿನ ಬಿಸಿ. ಇದನ್ನು ಪರೀಕ್ಷಿಸಲು ದುಬಾರಿ ಉಪಕರಣ ಬೇಕಿಲ್ಲ. ಗೇಟ್‌ಗೆ 10 ವೋಲ್ಟ್ ಕೊಟ್ಟು, ಡ್ರೈನ್‌ನಿಂದ ಸೋರ್ಸ್‌ಗೆ 2 ಆಂಪಿಯರ್ ಹರಿಸಿ, ಕವಚಕ್ಕೆ ತೀರ ಹತ್ತಿರದಲ್ಲಿ ಆ ಎರಡು ಕಾಲುಗಳ ನಡುವಿನ ವೋಲ್ಟೇಜ್ ಅಳೆಯಿರಿ. ತಣ್ಣಗಿರುವಾಗ ಅದು 35 ಮಿಲಿವೋಲ್ಟ್ ಮೀರಬಾರದು. ಅದರ ದುಪ್ಪಟ್ಟು ಬಂದರೆ ಆ ಮಾಲನ್ನು ಬಳಸಲೇಬೇಡಿ. ಗೇಟ್ ಕೆಪಾಸಿಟನ್ಸ್ ತೋರಿಸುವ ಸಣ್ಣ ಕಾಂಪೊನೆಂಟ್ ಟೆಸ್ಟರ್ ಇದ್ದರೆ ಅದೂ ಸುಳಿವು ಕೊಡುತ್ತದೆ: ಡೇಟಾಶೀಟ್‌ನ ಸಂಖ್ಯೆಗಿಂತ ತೀರ ಕಡಿಮೆ ಬಂದರೆ ಒಳಗಿನ ತುಣುಕು ಚಿಕ್ಕದು. ಒಂದು ವಿಷಯವನ್ನು ಮಾತ್ರ ಇದರೊಂದಿಗೆ ಬೆರೆಸಬಾರದು. ಈ ಮಾಸ್‌ಫೆಟ್ 5 ವೋಲ್ಟ್ ಅಥವಾ 3.3 ವೋಲ್ಟ್ ಗೇಟ್ ಸಂಕೇತಕ್ಕೆ ಪೂರ್ತಿ ತೆರೆಯುವಂಥದ್ದಲ್ಲ; ಮೈಕ್ರೋಕಂಟ್ರೋಲರ್‌ನಿಂದ ನೇರವಾಗಿ ನಡೆಸಿದರೆ ಅಸಲಿಯೂ ಬಿಸಿಯಾಗುತ್ತದೆ. ಅದು ವಿನ್ಯಾಸದ ದೋಷ, ಮಾರಾಟಗಾರರದ್ದಲ್ಲ. 5 ವೋಲ್ಟ್‌ಗಾದರೆ ಐಆರ್‌ಎಲ್‌ಝಡ್44ಎನ್‌ನಂಥ ಲಾಜಿಕ್ ಲೆವೆಲ್ ಮಾಸ್‌ಫೆಟ್ ಬೇಕು.

ಆಡಿಯೊ ಆಪ್-ಆಂಪ್‌ಗಳ (ಸಂಕೇತವನ್ನು ವರ್ಧಿಸುವ ಐಸಿಗಳ) ವಿಷಯದಲ್ಲೂ ಹೀಗೆಯೇ ಒಂದೇ ಅಳತೆ ಸಾಕು. ಎನ್‌ಇ5532ರ ಸ್ಲೂ ರೇಟ್, ಅಂದರೆ ಔಟ್‌ಪುಟ್ ಬದಲಾಗಬಲ್ಲ ಗರಿಷ್ಠ ವೇಗ, ಮೈಕ್ರೋಸೆಕೆಂಡಿಗೆ ಸುಮಾರು 9 ವೋಲ್ಟ್. ಚೌಕ ಅಲೆ ಕೊಟ್ಟಾಗ ಔಟ್‌ಪುಟ್ ಮೈಕ್ರೋಸೆಕೆಂಡಿಗೆ ಅರ್ಧ ವೋಲ್ಟ್‌ನಷ್ಟು ನಿಧಾನವಾಗಿ ಏರಿದರೆ ಒಳಗಿರುವುದು ಬಹುಶಃ ಎಲ್‌ಎಂ358ರ ವರ್ಗದ್ದು. ಡಿಎಸ್18ಬಿ20 ತಾಪಮಾನ ಸಂವೇದಕದ ನಕಲುಗಳಲ್ಲಿ ಕೆಲವು ಸಂಕೇತದ ತಂತಿಯಿಂದಲೇ ವಿದ್ಯುತ್ ಪಡೆಯುವ, ಎರಡೇ ತಂತಿಯ ಪ್ಯಾರಸೈಟ್ ಪವರ್ ವಿಧಾನದಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಲ್ಲಿ ದೊಡ್ಡ ಡಬ್ಬಿಯೊಳಗೆ ಚಿಕ್ಕ ಕೆಪಾಸಿಟರ್ ಸಿಕ್ಕ ಉದಾಹರಣೆಗಳೂ ಇವೆ.

ನಕಲಿ ಐಸಿಯಿಂದ ಆಗುವ ನಷ್ಟ ತಡವಾಗಿಯೂ ಬರಬಹುದು. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಎಫ್‌ಟಿ232ಆರ್‌ಎಲ್ ಐಸಿಯ ನಕಲುಗಳು ವರ್ಷಗಟ್ಟಲೆ ಚೆನ್ನಾಗಿಯೇ ನಡೆಯುತ್ತಿದ್ದವು. 2014ರ ಅಕ್ಟೋಬರ್‌ನಲ್ಲಿ ತಯಾರಕರಾದ ಎಫ್‌ಟಿಡಿಐ ಅವರ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದಾಗ, ಅದು ನಕಲಿ ಐಸಿಗಳ ಉತ್ಪನ್ನ ಗುರುತು ಸಂಖ್ಯೆಯನ್ನು ಸೊನ್ನೆಗೆ ಬದಲಿಸಿತು. ಕಂಪ್ಯೂಟರ್‌ಗಳು ಆ ಉಪಕರಣಗಳನ್ನು ಗುರುತಿಸುವುದನ್ನೇ ನಿಲ್ಲಿಸಿದವು. ವಿರೋಧ ಬಂದ ಮೇಲೆ ಆ ಡ್ರೈವರನ್ನು ಹಿಂತೆಗೆದುಕೊಂಡರು. ತಮ್ಮ ಬೋರ್ಡಿನಲ್ಲಿ ನಕಲಿ ಇದೆ ಎಂದು ತಿಳಿಯದಿದ್ದ ಬಳಕೆದಾರರೇ ಇದರಲ್ಲಿ ತೊಂದರೆಗೆ ಒಳಗಾದದ್ದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ. ಅಗ್ಗದ್ದೇ ಬೇಕಿದ್ದರೆ ಸಿಎಚ್340ಯಂತೆ ತನ್ನದೇ ಹೆಸರಿನಲ್ಲಿ ಬರುವ ಐಸಿಯನ್ನು ಕೊಳ್ಳುವುದು ಎಷ್ಟೋ ಮೇಲು. ಅಗ್ಗದ ಐಸಿಯ ಬಗ್ಗೆ ನನ್ನ ಆಕ್ಷೇಪವಿಲ್ಲ. ಅದು ಬೇರೆಯವರ ಹೆಸರಿನಲ್ಲಿ ಬಂದರೆ ಕೈಯಲ್ಲಿರುವ ಡೇಟಾಶೀಟ್‌ಗೆ ಅರ್ಥವೇ ಉಳಿಯುವುದಿಲ್ಲ ಎಂಬುದು ಆಕ್ಷೇಪ.

ಆದ್ದರಿಂದ ವಿನ್ಯಾಸದ ಬಗ್ಗೆ ಯಾರನ್ನಾದರೂ ಪ್ರಶ್ನೆ ಕೇಳುವಾಗ ಸರ್ಕಿಟ್ ಚಿತ್ರದ ಜೊತೆಗೆ ಬಿಡಿಭಾಗದ ಪೂರ್ಣ ಸಂಖ್ಯೆಯನ್ನು, ಅದನ್ನು ಕೊಂಡದ್ದು ಅಧಿಕೃತ ವಿತರಕರಿಂದಲೋ ಮಾರುಕಟ್ಟೆ ತಾಣದಿಂದಲೋ ಎಂಬುದನ್ನು, ಐಸಿಯ ಮೇಲ್ಮೈಯ ಸ್ಪಷ್ಟ ಫೋಟೋವನ್ನು ಮತ್ತು ಅಳೆದ ಅಲೆಯ ಚಿತ್ರವನ್ನು ಕೊಡಿ. ಉತ್ತರ ಹೇಳುವವರೂ ಬೋರ್ಡನ್ನು ಮತ್ತೆ ಬಿಡಿಸಲು ಹೇಳುವ ಮುಂಚೆ, ಡೇಟಾಶೀಟ್‌ನಲ್ಲಿರುವ ಯಾವುದಾದರೂ ಒಂದು ಮೂಲ ಗುಣವನ್ನು ಅಳೆದು ನೋಡಲು ಹೇಳಿದರೆ ಕೇಳಿದವರ ಶ್ರಮ ಬಹಳ ಉಳಿಯುತ್ತದೆ. ಅಸಿಟೋನ್ ಅದ್ದಿದ ಹತ್ತಿಯಿಂದ ಉಜ್ಜಿದಾಗ ಕಪ್ಪು ಬಣ್ಣ ಬಿಟ್ಟುಕೊಂಡರೆ, ಒಂದನೆಯ ಕಾಲನ್ನು ತೋರಿಸುವ ಗುಳಿಯಲ್ಲಿ ಲೇಪ ತುಂಬಿಕೊಂಡಿದ್ದರೆ, ಮೇಲ್ಮೈಯಲ್ಲಿ ಉಜ್ಜಿದ ಗೀರುಗಳಿದ್ದರೆ, ಹೊಸದೆಂದು ಕೊಟ್ಟ ಐಸಿಯ ಕಾಲುಗಳಲ್ಲಿ ಹಳೆಯ ಬೆಸುಗೆ ಕಂಡರೆ ಅನುಮಾನಕ್ಕೆ ಅಷ್ಟು ಸಾಕು. ಆದರೆ ನೋಟದಲ್ಲಿ ಗೆದ್ದ ಮಾತ್ರಕ್ಕೆ ಅಸಲಿ ಎಂದು ತೀರ್ಮಾನಿಸಬೇಡಿ. ನನ್ನ ಐಸಿಗಳ ಮೇಲಿನ ಲೇಸರ್ ಬರಹ ಅಚ್ಚುಕಟ್ಟಾಗಿತ್ತು, ಅಸಿಟೋನ್‌ಗೆ ಜಗ್ಗಲಿಲ್ಲ.

ಕೊಳ್ಳುವಾಗ ತಯಾರಕರ ಜಾಲತಾಣದಲ್ಲೇ ಇರುವ ಅಧಿಕೃತ ವಿತರಕರ ಪಟ್ಟಿಯಿಂದ ಹೊರಡುವುದು ಸುರಕ್ಷಿತ. ಡಿಜಿ-ಕೀ, ಮೌಸರ್‌ನಂಥವರು ಹವ್ಯಾಸಿಗಳಿಗೆ ಬಿಡಿಬಿಡಿಯಾಗಿಯೂ ಮಾರುತ್ತಾರೆ. ಸಾಗಣೆಯ ಖರ್ಚು ಹೆಚ್ಚೆನಿಸಿದರೆ ಕೆಲವರು ಸೇರಿ ಒಟ್ಟಿಗೆ ತರಿಸಬಹುದು. ಪ್ರತಿರೋಧಕ, ಕನೆಕ್ಟರ್, ಎಲ್‌ಇಡಿಗಳನ್ನು ಎಲ್ಲಿಂದ ತಂದರೂ ಸಾಮಾನ್ಯವಾಗಿ ದೊಡ್ಡ ಅನಾಹುತವಿಲ್ಲ.

ಲಿಥಿಯಂ ಸೆಲ್‌ಗಳ ವಿಷಯ ಹಾಗಲ್ಲ. 18650 ಗಾತ್ರದ ಒಳ್ಳೆಯ ಸೆಲ್‌ಗಳಲ್ಲಿ ಹೆಚ್ಚಿನವು 2500ರಿಂದ 3500 ಮಿಲಿಆಂಪಿಯರ್ ಅವರ್‌ನವು, ತೂಕ 45ರಿಂದ 50 ಗ್ರಾಂ. 9900 ಎಂದು ಬರೆದ ಸೆಲ್ ಸುಳ್ಳು ಹೇಳುತ್ತಿದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಅಂಥದ್ದನ್ನು ಚಾರ್ಜರ್‌ಗೆ ಹಾಕಲೇಬೇಡಿ. ಮೇನ್ಸ್ ವಿದ್ಯುತ್ತಿಗೆ ನೇರವಾಗಿ ತಗಲುವ ಫ್ಯೂಸ್, ಎಕ್ಸ್ ಮತ್ತು ವೈ ವರ್ಗದ (ಮೇನ್ಸ್‌ಗೆಂದೇ ಮಾಡಿದ ಸುರಕ್ಷತಾ) ಕೆಪಾಸಿಟರ್, ಬೆಳಕಿನ ಮೂಲಕ ಸಂಕೇತ ದಾಟಿಸಿ ಮೇನ್ಸ್ ಬದಿಯನ್ನು ಬೇರೆಯಾಗಿಡುವ ಆಪ್ಟೊಕಪ್ಲರ್‌ಗಳನ್ನೂ ಅಪರಿಚಿತ ಮಾರಾಟಗಾರರಿಂದ ಯಾವ ಕಾರಣಕ್ಕೂ ತರಿಸಬೇಡಿ. ವೈ ಕೆಪಾಸಿಟರ್ ಒಳಗೇ ಶಾರ್ಟ್ ಆದರೆ, ಗ್ರೌಂಡಿಂಗ್ ಇಲ್ಲದ ಉಪಕರಣದಲ್ಲಿ, ಕೈಗೆ ತಾಗುವ ಲೋಹದ ಭಾಗಕ್ಕೇ ಮೇನ್ಸ್ ವೋಲ್ಟೇಜ್ ಬರುತ್ತದೆ. ಹಾಗಾಗುವವರೆಗೂ ಉಪಕರಣ ಎಂದಿನಂತೆ ನಡೆಯುತ್ತಲೇ ಇರುತ್ತದೆ.