ಪ್ರೊಜೆಕ್ಟರ್, ತಳ್ಳುವ ಟಿವಿ, ಗೋಡೆ ಟಿವಿ: ತರಗತಿಯಲ್ಲಿ ಬಳಸಿ ನೋಡಿದ ಮೇಲೆ

ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಹಳ್ಳಿ ಶಾಲೆಗೆ ಹಳೇ ವಿದ್ಯಾರ್ಥಿಗಳೋ ದಾನಿಗಳೋ ಏನಾದರೂ ಕೊಡಿಸುತ್ತೇವೆ ಎಂದು ಬಂದರೆ, ಮಾತು ಶುರುವಾಗುವುದೇ ‘ಎಷ್ಟು ಇಂಚಿನದು ಬೇಕು ಮೇಷ್ಟ್ರೇ?’ ಅಂತ. ಇಂಚು ಆಮೇಲೆ. ಮೊದಲು ಟೇಪು ಹಿಡಿದು ಕೊನೆಯ ಬೆಂಚಿನಿಂದ ಬೋರ್ಡಿನವರೆಗೆ ಅಳೆಯಿರಿ.

ಅಕ್ಷರ ಓದಿಸಬೇಕಿದ್ದರೆ ಕೊನೆಯ ಮಗು ಚಿತ್ರದ ಎತ್ತರದ ಆರು ಪಟ್ಟಿಗಿಂತ ದೂರ ಕೂತಿರಬಾರದು. ಟಿವಿಯ ಇಂಚು ಮೂಲೆಯಿಂದ ಮೂಲೆಗೆ ಅಳೆದದ್ದು. 43 ಇಂಚಿನ ಟಿವಿಯ ಎತ್ತರ 21 ಇಂಚು, ಅಂದರೆ ಹತ್ತೂವರೆ ಅಡಿಯವರೆಗೆ ಸರಿ. 55 ಇಂಚಿನದಕ್ಕೆ ಹದಿಮೂರೂವರೆ ಅಡಿ, 65ಕ್ಕೆ 16 ಅಡಿ. ಪ್ರೊಜೆಕ್ಟರಿನಲ್ಲಿ 6 ಅಡಿ ಅಗಲದ ಚಿತ್ರ ಬಿಟ್ಟರೆ ಎತ್ತರ 45 ಇಂಚು, 22 ಅಡಿವರೆಗೆ ಓದಬಹುದು. 20 ಅಡಿ ಉದ್ದದ ಕೊಠಡಿಯಲ್ಲಿ ಕೊನೆಯ ಬೆಂಚು 17-18 ಅಡಿ ಹಿಂದಿರುತ್ತದೆ. ಕಾಗದದ ಮೇಲೆ ಪ್ರೊಜೆಕ್ಟರೇ ಗೆದ್ದಿತು. ಕನ್ನಡಕ್ಕೆ ಇನ್ನೊಂದು ತೊಡಕು: ‘ರಾಷ್ಟ್ರ’, ‘ಶಾಸ್ತ್ರ’ದಂಥ ಪದಗಳ ಒತ್ತುಗಳು ಮೂಲ ಅಕ್ಷರಕ್ಕಿಂತ ಚಿಕ್ಕವು, ದೂರದಿಂದ ಕಲಸಿಹೋಗುತ್ತವೆ. ಸ್ಲೈಡಿನಲ್ಲಿ ಇಂಗ್ಲಿಷಿಗೆ 28 ಪಾಯಿಂಟ್ ಸಾಕಾದರೆ ಕನ್ನಡಕ್ಕೆ 36 ಇಡಿ, ಸಾಲುಗಳ ನಡುವೆ ಜಾಗ ಬಿಡಿ.

ಆದರೂ ದಿನದ ಪಾಠಕ್ಕೆ ನಾವು ಪ್ರೊಜೆಕ್ಟರ್ ಶಿಫಾರಸು ಮಾಡುವುದಿಲ್ಲ. ಕಾರಣ ಬೆಳಕು. ಮೂರು ಸಾವಿರ ಚಿಲ್ಲರೆ ಲುಮೆನ್ (ಬೆಳಕಿನ ಅಳತೆ) ಯಂತ್ರ ಕತ್ತಲೆ ಕೋಣೆಯಲ್ಲಿ ಚೆಂದ. ನಮ್ಮ ಕೊಠಡಿಗಳಿಗೆ ಎರಡು ಕಡೆ ಕಿಟಕಿ, ಮಾರ್ಚ್ ಬಂದರೆ ಬೆಳಿಗ್ಗೆ ಹತ್ತಕ್ಕೇ ಕಣ್ಣು ಕುಕ್ಕುವ ಬಿಸಿಲು. ಕಪ್ಪು ಇರಬೇಕಾದಲ್ಲಿ ಬೂದಿ ಬಣ್ಣ, ನಕ್ಷೆಯ ಹಸಿರು-ಹಳದಿ ಒಂದೇ. ಪರದೆ ಎಳೆದು ಕಿಟಕಿ ಮುಚ್ಚಿದರೆ ಚಿತ್ರ ಕಾಣುತ್ತದೆ, ಮಕ್ಕಳು ಬೇಯುತ್ತಾರೆ. ಸಾಮಾನ್ಯ ಪ್ರೊಜೆಕ್ಟರನ್ನು ಚಿತ್ರದ ಅಗಲದ ಸುಮಾರು ಒಂದೂವರೆ ಪಟ್ಟು ದೂರ ಇಡಬೇಕು. 6 ಅಡಿ ಚಿತ್ರಕ್ಕೆ 9 ಅಡಿ, ಅಂದರೆ ಬೆಂಚುಗಳ ನಟ್ಟನಡುವೆ. ವೈರು ಕಾಲಿಗೆ ಸಿಗುತ್ತದೆ, ಪಕ್ಕದ ಬೆಂಚಿನವರ ಮುಖಕ್ಕೆ ಬಿಸಿಗಾಳಿ ಹೊಡೆಯುತ್ತದೆ. ಮೇಲೆ ತೂಗುಹಾಕೋಣವೆಂದರೆ ಹೆಂಚಿನ ಕೊಠಡಿಯಲ್ಲಿ ಹಿಡಿತ ಸಿಗುವುದಿಲ್ಲ. ಗೋಡೆಗೆ ಅಂಟಿದಂತೆ ಕೂರುವ ಅಲ್ಟ್ರಾ ಶಾರ್ಟ್ ಥ್ರೋ ಯಂತ್ರ ಈ ತಾಪತ್ರಯ ನೀಗುತ್ತದೆ, ಬೆಲೆ ಮಾತ್ರ ಜಾಸ್ತಿ.

ಲ್ಯಾಂಪ್ ಇರುವ ಪ್ರೊಜೆಕ್ಟರಿಗೆ ಕರೆಂಟೇ ಶತ್ರು. ಓಡುತ್ತಿರುವಾಗ ವಿದ್ಯುತ್ ಹೋದರೆ ಫ್ಯಾನ್ ನಿಂತು ಲ್ಯಾಂಪಿನ ಬಿಸಿ ಒಳಗೇ ಉಳಿಯುತ್ತದೆ. ಎರಡು ನಿಮಿಷದಲ್ಲಿ ಕರೆಂಟ್ ಬಂದರೂ ಲ್ಯಾಂಪ್ ತಣ್ಣಗಾಗುವ ತನಕ ಹೊತ್ತುವುದಿಲ್ಲ. ಹೀಗೆ ಪದೇಪದೇ ಆದರೆ ಅದರ ಆಯಸ್ಸೂ ಕಡಿಮೆಯಾಗುತ್ತದೆ. 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್, ಪ್ರೊಜೆಕ್ಟರ್ ಎಳೆಯುವುದು 250-300. ಅದರ ಬ್ಯಾಟರಿ ಕೆಲವೇ ನಿಮಿಷ ಬರುವುದರಿಂದ ಪಾಠ ಮುಂದುವರಿಸಲು ಸಾಲದು, ಸರಿಯಾಗಿ ಆರಿಸಿ ಫ್ಯಾನ್ ಓಡಿಸಲು ಸಾಕು. ಕೆಂಪು ಮಣ್ಣಿನ ಧೂಳು ಫಿಲ್ಟರಿಗೆ ಕಟ್ಟಿದರೂ ಯಂತ್ರ ಬಿಸಿಯಾಗಿ ತಾನೇ ಆರಿಹೋಗುತ್ತದೆ. ತಿಂಗಳಿಗೊಮ್ಮೆ ಫಿಲ್ಟರ್ ಬಿಚ್ಚಿ ಮೆತ್ತನೆ ಬ್ರಷ್‌ನಲ್ಲಿ ಒರೆಸಿ. ಯಂತ್ರದೊಳಕ್ಕೆ ಬಾಯಲ್ಲಿ ಊದಬೇಡಿ, ಉಗುಳಿನ ಹನಿ ಲೆನ್ಸ್ ಮೇಲೆ ಕೂರುತ್ತದೆ.

ಚಕ್ರದ ಸ್ಟ್ಯಾಂಡಿನ ಮೇಲಿನ ಟಿವಿ ನೋಡಲು ಎಲ್ಲರಿಗೂ ಇಷ್ಟ. ಒಂದೇ ಟಿವಿ, ಎಲ್ಲಾ ತರಗತಿಗೂ ಆಯಿತಲ್ಲ! ಆಗುವುದಿಲ್ಲ. ಬಾಗಿಲಿಗೆ ಬಾಗಿಲಿಗೆ ಹೊಸ್ತಿಲು, ವರಾಂಡದಲ್ಲಿ ಕಿತ್ತುಹೋದ ಸಿಮೆಂಟು, ಮೇಲ್ಮಹಡಿಗೆ ಮೆಟ್ಟಿಲು. ಸ್ಟ್ಯಾಂಡಿನ ಜೊತೆ ಬರುವ ಎರಡಿಂಚಿನ ಚಕ್ರ ಮೊದಲ ಹೊಸ್ತಿಲಲ್ಲೇ ಸೋಲುತ್ತದೆ. ಕನಿಷ್ಠ ನಾಲ್ಕಿಂಚಿನ, ಬ್ರೇಕ್ ಇರುವ ರಬ್ಬರ್ ಚಕ್ರ ಹಾಕಿಸಿ, ಇಬ್ಬರು ಹಿಡಿದು ತಳ್ಳಬೇಕು. 40 ನಿಮಿಷದ ಪೀರಿಯಡ್ಡಿನಲ್ಲಿ ತಂದು, ಜೋಡಿಸಿ, ಮತ್ತೆ ಒಯ್ಯುವಷ್ಟರಲ್ಲಿ ಕಾಲು ಗಂಟೆ ಹೋಗಿರುತ್ತದೆ. ಅಲುಗಾಟಕ್ಕೆ ಮೊದಲು ಸಡಿಲವಾಗುವುದು ಲ್ಯಾಪ್‌ಟಾಪಿನ ಚಿತ್ರ, ಧ್ವನಿ ತರುವ ವೈರು ಸಿಕ್ಕಿಸುವ ಎಚ್‌ಡಿಎಂಐ ಕಿಂಡಿ. ಅದಕ್ಕೊಂದು ಗೇಣುದ್ದದ ಎಕ್ಸ್‌ಟೆನ್ಷನ್ ಸದಾ ಸಿಕ್ಕಿಸಿಟ್ಟು, ದಿನವೂ ತೆಗೆದು ಹಾಕುವುದನ್ನು ಅದರ ತುದಿಯಲ್ಲೇ ಮಾಡಿ. ಸವೆದರೆ ಹೋಗುವುದು ಆ ತುಂಡು, ಟಿವಿಯ ಬೋರ್ಡ್ ಅಲ್ಲ.

ನಮ್ಮ ಮತ ಗೋಡೆ ಟಿವಿಗೆ. ಸಾಧನ ಓಡಾಡುವ ಬದಲು ಮಕ್ಕಳು ಓಡಾಡಲಿ. ನೆಲಮಹಡಿಯ ಒಂದು ಕೊಠಡಿಯಲ್ಲಿ 55 ಅಥವಾ 65 ಇಂಚಿನದನ್ನು ಗಟ್ಟಿಯಾಗಿ ಕೂರಿಸಿ, ಬೆಂಚು ಮುಂದೆ ಸರಿಸಿ, ಕೊನೆಯ ಎರಡು ಸಾಲಿನವರನ್ನು ಮುಂದೆ ಚಾಪೆ ಮೇಲೆ ಕೂರಿಸಿದರೆ ದೂರದ ಲೆಕ್ಕವೂ ಸರಿಹೋಗುತ್ತದೆ. ಕಿಟಕಿಗೆ ಎದುರಾದ ಗೋಡೆ ಬೇಡ, ಟಿವಿಯಲ್ಲಿ ಕಿಟಕಿಯೇ ಕಾಣುತ್ತದೆ. ಕಿಟಕಿ ಪಕ್ಕಕ್ಕೆ ಬರುವ ಗೋಡೆ ಹಿಡಿಯಿರಿ, ಟಿವಿಯನ್ನು ತುಸು ಕೆಳಕ್ಕೆ ಬಾಗಿಸಿ. ಕಲ್ಲು ಚಪ್ಪಡಿಯ ಗೋಡೆಗೆ ಸಾಮಾನ್ಯ ಡ್ರಿಲ್ ಇಳಿಯುವುದಿಲ್ಲ. ಹ್ಯಾಮರ್ ಡ್ರಿಲ್ ತರಿಸಿ, ಚಪ್ಪಡಿಯ ಅಂಚಿನಿಂದ ದೂರ ಕೊರೆಯಿರಿ, ಇಲ್ಲದಿದ್ದರೆ ಅಂಚು ಸಿಡಿಯುತ್ತದೆ. ಮಣ್ಣು ಗಾರೆಯ ಹಳೇ ಗೋಡೆಯಾದರೆ ಬೋಲ್ಟ್ ನಂಬದೆ ನೆಲದಿಂದಲೇ ಕಬ್ಬಿಣದ ಚೌಕಟ್ಟು ಎಬ್ಬಿಸಿ. ಮುಟ್ಟಿದರೆ ಬರೆಯುವ ದೊಡ್ಡ ಪ್ಯಾನೆಲ್‌ಗಳೂ ಇವೆ. ಗಣಿತಕ್ಕೆ ನಿಜಕ್ಕೂ ಅನುಕೂಲ, ಆದರೆ ಕೆಟ್ಟರೆ ಊರಿನ ಟಿವಿ ರಿಪೇರಿಯವರು ಕೈಹಾಕುವುದಿಲ್ಲ.

ಟಿವಿ ಸೋಲುವುದು ಧ್ವನಿಯಲ್ಲಿ. ಅದರ ಸ್ಪೀಕರ್ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ. ಗೋಡೆಗೆ ಬಡಿದು ಬಂದ ಮಾತು ಹಿಂದಿನವರಿಗೆ ಗೊಜಗೊಜ. 20-30 ವ್ಯಾಟಿನ ಪವರ್ಡ್ ಸ್ಪೀಕರ್ (ಆಂಪ್ಲಿಫೈಯರ್ ಒಳಗೇ ಇರುವುದು) ಜೋಡಿಯನ್ನು ಟಿವಿಯ ಎರಡು ಬದಿಗೆ, ಮಕ್ಕಳ ತಲೆಗಿಂತ ಸ್ವಲ್ಪ ಮೇಲೆ ಇಟ್ಟು ವೈರಿನಲ್ಲೇ ಜೋಡಿಸಿ. ಬ್ಲೂಟೂತ್ ಬೇಡ. ಎಷ್ಟೋ ಸಲ ತುಟಿ ಮುಂದೆ, ಮಾತು ಹಿಂದೆ ಆಗುತ್ತದೆ, ಒಮ್ಮೊಮ್ಮೆ ನಿಮ್ಮ ವಿಜ್ಞಾನದ ಪಾಠ ಪಕ್ಕದ ಕೊಠಡಿಯ ಸ್ಪೀಕರಿನಲ್ಲಿ ಕೇಳುತ್ತದೆ. ಸಭೆ-ಸಮಾರಂಭದ ಬ್ಯಾಟರಿ ಸ್ಪೀಕರುಗಳಲ್ಲಿ ಗುಮ್ಮೆನ್ನುವ ಬೇಸ್ ಹೆಚ್ಚು, ಪಾಠದ ಮಾತು ಮಸುಕು.

ಸ್ಪೀಕರಿನಲ್ಲಿ ‘ಗುಂಯ್’ ಬಂದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ನಿಂತಿತೆಂದರೆ ದೋಷ ಚಾರ್ಜರಿನದೋ ಅರ್ತಿಂಗಿನದೋ ಇರಬಹುದು. ಬಂಡೆ ನೆಲದಲ್ಲಿ, ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿರಬಹುದು, ನೀರು ಹೊಯ್ಯಿಸಿ, ಎಲೆಕ್ಟ್ರಿಷಿಯನ್ ಕೈಲಿ ಪರೀಕ್ಷೆ ಮಾಡಿಸಿ. ಟಿವಿ, ಸ್ಪೀಕರ್, ಲ್ಯಾಪ್‌ಟಾಪ್ ಸೇರಿ 200 ವ್ಯಾಟ್ ಎಂದುಕೊಂಡರೆ 150 ಎಎಚ್‌ನ (ಆಂಪಿಯರ್-ಗಂಟೆ, ಬ್ಯಾಟರಿಯ ಸಾಮರ್ಥ್ಯದ ಅಳತೆ) ಒಂದು ಒಳ್ಳೆಯ 12 ವೋಲ್ಟ್ ಬ್ಯಾಟರಿ ಇನ್ವರ್ಟರಿನಲ್ಲಿ ಐದು ಗಂಟೆ ತಳ್ಳುತ್ತದೆ. ಪ್ರೊಜೆಕ್ಟರಿಗಿಂತ ಟಿವಿ ಮೇಲೆನ್ನಲು ಇದೂ ಕಾರಣ.

ವಿಡಿಯೊ ಪೆನ್‌ಡ್ರೈವ್‌ನಲ್ಲಿಡಿ, ನೆಟ್‌ವರ್ಕ್ ನಂಬಬೇಡಿ. ಎಂಪಿ4 ಕಡತ, ಒಳಗೆ ಎಚ್.264 ಚಿತ್ರ, ಎಎಸಿ ಧ್ವನಿ ಇದ್ದರೆ ಹೆಚ್ಚುಕಡಿಮೆ ಎಲ್ಲಾ ಟಿವಿಯಲ್ಲೂ ಓಡುತ್ತದೆ. ಚಿತ್ರ ಬಂದು ಧ್ವನಿ ಬಾರದಿದ್ದರೆ ಧ್ವನಿಯ ಬಗೆ ಟಿವಿಗೆ ಒಗ್ಗಿಲ್ಲ ಎಂದರ್ಥ. ಕಡಿಮೆ ಬೆಲೆಯ ಫೋನುಗಳಲ್ಲಿ ಹೆಚ್ಚಿನವಕ್ಕೆ ಟೈಪ್-ಸಿ ಇಂದ ಎಚ್‌ಡಿಎಂಐ ವೈರು ಕೆಲಸ ಮಾಡುವುದಿಲ್ಲ, ಕೊಳ್ಳುವ ಮುಂಚೆ ಅದೇ ಫೋನಿಗೆ ಹಾಕಿ ನೋಡಿ.

ಹಂಚಿಕೊಳ್ಳುವ ಕೊಠಡಿಗೆ ವಾರದ ಮೊದಲೇ ಪೀರಿಯಡ್ ಬರೆದಿಡುವ ಪುಸ್ತಕ ಒಂದು, ಬೀಗದ ಕೈ ಒಬ್ಬರ ಬಳಿ. ರಿಮೋಟು, ಎಚ್‌ಡಿಎಂಐ ವೈರು ಎರಡು, ವಿಜಿಎ ಪರಿವರ್ತಕ ಒಂದು ಚೀಲದಲ್ಲಿದ್ದು, ಕೊಡುವಾಗ ಎಣಿಸಿ ಕೊಡಬೇಕು, ವಾಪಸ್ ಎಣಿಸಿ ತೆಗೆದುಕೊಳ್ಳಬೇಕು. ರಜೆಗೆ ಮುಂಚೆ ರಿಮೋಟಿನ ಸೆಲ್ ತೆಗೆದಿಡಿ, ಇಲ್ಲವಾದರೆ ಸೋರುತ್ತದೆ. ಏಪ್ರಿಲ್-ಮೇ ಗುಡುಗು ಮಳೆಗೆ ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನೂ ಡಿಶ್ ಕೇಬಲನ್ನೂ ಕಿತ್ತಿಡಿ.